ಅಲ್ಪವಿರಾಮನ ಅಸಲಿ ಲ್ಯಾಪ್‌ಟಾಪ್

ಬೆಳಿಗ್ಗೆ ಒಂಬತ್ತೂವರೆಗೆ ಮುದ್ರಣಾಲಯದ ಪ್ರೂಫ್ ನೋಡುವವನು ಎಂದಿನಂತೆ ತನ್ನ ಲ್ಯಾಪ್‌ಟಾಪಿನ ಮುಚ್ಚಳ ತೆರೆದ. ಪರದೆ ಪೂರ್ತಿ ಕಪ್ಪಾಗಿತ್ತು. ನಡುವೆ ಎರಡೇ ಸಾಲು: ‘ಈ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಅಸಲಿಯಲ್ಲ. ನೀವು ಮೋಸಹೋಗಿರಬಹುದು.’

ಅಭ್ಯಾಸಬಲದಿಂದ ಅವನು ಮೊದಲು ಕಾಗುಣಿತ ನೋಡಿದ. ತಪ್ಪಿರಲಿಲ್ಲ. ಅರ್ಥ ತಲೆಗಿಳಿದದ್ದು ಆಮೇಲೆ.

ಅವನನ್ನು ಅಲ್ಲಿ ಎಲ್ಲರೂ ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಯಾವ ಮಾತನ್ನೇ ಆಡಲಿ, ನಡುವೆ ಒಮ್ಮೆ ನಿಂತು ಉಗುಳು ನುಂಗಿಯೇ ಮುಂದುವರಿಯುತ್ತಿದ್ದ. ಹನ್ನೆರಡು ವರ್ಷಗಳಿಂದ ಪರರ ತಪ್ಪಿಗೆ ಕೆಂಪು ಶಾಯಿಯ ಸುತ್ತು ಹಾಕಿಕೊಂಡು ಬಂದ ಮನುಷ್ಯ. ಈ ಎರಡು ಸಾಲು ಒಂದು ವರ್ಷದಿಂದ ಪರದೆಯ ಮೂಲೆಯಲ್ಲಿ ಸಣ್ಣಗೆ ಕಾಣಿಸಿಕೊಳ್ಳುತ್ತಲೇ ಇತ್ತು. ಅದರ ಮೇಲೊಂದು ಚೂರು ಕಾಗದ ಅಂಟಿಸಿಕೊಂಡು ದಿನ ದೂಡಿದ್ದ. ಇವತ್ತು ಅಂಟಿಸುವುದಾದರೆ ಇಡೀ ದಿನಪತ್ರಿಕೆಯೇ ಬೇಕಾಗಿತ್ತು.

ಅಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ನಿಂತು ಕೂಗಿದರು.

“ಏನಯ್ಯಾ ಅಲ್ಪವಿರಾಮ, ಸಂಜೆ ನಾಲ್ಕಕ್ಕೆ ಪಠ್ಯಪುಸ್ತಕ ಮಂಡಳಿಯಿಂದ ತಪಾಸಕರು ಬರ್ತಿದಾರೆ. ಮಕ್ಕಳು ಓದೋ ಪುಸ್ತಕ ಕದ್ದ ಸಾಫ್ಟ್‌ವೇರಲ್ಲಿ ತಯಾರಾಗಬಾರದಂತೆ. ಒಂದೇ ಒಂದು ಕಂಪ್ಯೂಟರಿಗೆ ಲೈಸೆನ್ಸ್ ಇಲ್ಲ ಅಂದ್ರೂ ಆರ್ಡರ್ ವಾಪಸ್. ಆರ್ಡರ್ ಹೋದ್ರೆ ಮಷೀನ್ ನಿಲ್ಲುತ್ತೆ, ಮಷೀನ್ ನಿಂತ್ರೆ ಹತ್ತೊಂಬತ್ತು ಜನವೂ ಮನೆಗೆ. ಪ್ರೆಸ್ಸಿನವು ನಾಲ್ಕೂ ಸರಿಯಿವೆ. ನಿಂದು ಸ್ವಂತದ್ದಲ್ವಾ, ಅಸಲಿ ತಾನೇ?”

“ಅದು... ಅಸಲಿ ಸಾರ್,” ಎಂದುಬಿಟ್ಟ. ಬಾಯಿಂದ ಮಾತು ಹೊರಬಿದ್ದದ್ದೇ ತಡ, ಅವನಿಗೇ ಗಾಬರಿಯಾಯಿತು. ಸುಳ್ಳು ಹೇಳುವಾಗಲೂ ಅಲ್ಪವಿರಾಮ ಬಿದ್ದಿತ್ತು, ಯಜಮಾನರು ಗಮನಿಸಲಿಲ್ಲ.

ಲ್ಯಾಪ್‌ಟಾಪ್ ಕೊಟ್ಟವನು ಹೆಂಡತಿಯ ತಮ್ಮ. ಹಿತ್ತಿಲ ಬಾಗಿಲಿಗೆ ಹೋಗಿ ಅವನಿಗೆ ಫೋನ್ ಹಚ್ಚಿದ.

“ನೋಡಪ್ಪಾ, ನೀನು ಕೊಟ್ಟದ್ದಕ್ಕೆ ಲೈಸೆನ್ಸ್ ಇದೆಯೇನೋ?”

“ಲೈಸೆನ್ಸಾ? ನನ್ನ ಸ್ಕೂಟರಿಗೇ ಇಲ್ಲ ಭಾವ.”

“ಸ್ಕೂಟರ್ ಅಲ್ಲವೋ, ಲ್ಯಾಪ್‌ಟಾಪು!”

“ಅದನ್ನ ಮನೇಲಿ ಕೂತು ಓಡಿಸೋದಲ್ವಾ ಭಾವ, ಅದಕ್ಕೂ ಬೇಕಾ? ನನಗೂ ಯಾರೋ ಕೊಟ್ಟಿದ್ದು. ಅಕ್ಕಂಗೆ ಮಾತ್ರ ಹೇಳ್ಬೇಡಿ,” ಎಂದು ಫೋನಿಟ್ಟ.

ತಿರುಗಿ ನೋಡಿದರೆ ಬೈಂಡಿಂಗ್ ಅಕ್ಕ ನಿಂತಿದ್ದಳು. ಪುಸ್ತಕ ಹೊಲಿಯುವ ಆಕೆಯ ಕಿವಿಗೆ ಪ್ರೆಸ್ಸಿನ ಯಾವ ಗುಟ್ಟೂ ತಪ್ಪಿದ್ದಲ್ಲ. ಆಕೆ ಕೇಳಿದ್ದನ್ನು ಮಷೀನ್ ಮೇಸ್ತ್ರಿಗೆ ಹೇಳಬೇಕಾಗಲಿಲ್ಲ. ಆತನೂ ಬೆನ್ನ ಹಿಂದೆಯೇ ಇದ್ದ.

“ಅಯ್ಯೋ ತಮ್ಮಾ, ಅಡಿಗಡೆ ತಿರುಗಿಸಿ ನೋಡು. ಅಸಲಿ ಅಂತ ಒಂದು ಚೀಟಿ ಅಂಟಿಸಿರ್ತಾರೆ, ನಮ್ಮನೇದಕ್ಕೂ ಇದೆ,” ಎಂದಳು ಅಕ್ಕ.

ಮೂವರೂ ಮೇಜಿಗೆ ಬಂದು ತಿರುಗಿಸಿದರು. ಚೀಟಿ ಇತ್ತು! ಸವೆದು ಸವೆದು ಬೆರಳುಗುರುತಿನಂತಾಗಿದ್ದ ಇಪ್ಪತ್ತೈದು ಅಕ್ಷರ, ಅಂಕಿಗಳ ಲೈಸೆನ್ಸ್ ನಂಬರು. ಅಲ್ಪವಿರಾಮ ಭೂತಗನ್ನಡಿ ಹಿಡಿದ.

“ಇದು ಎಂಟು,” ಎಂದ.

“ಎಂಟಲ್ಲ, ಇಂಗ್ಲಿಷಿನ ಬಿ,” ಎಂದಳು ಅಕ್ಕ.

“ಎರಡೂ ಅಲ್ಲ. ಅದು ಕೊಳೆ,” ಎಂದ ಮೇಸ್ತ್ರಿ. “ತಾಳಿ, ಎಂಥೆಂಥ ಜಿಡ್ಡು ತೆಗೆದಿದೀನಿ.”

ಬೇಡ ಎನ್ನಲು ಅಲ್ಪವಿರಾಮ ಬಾಯಿ ತೆರೆದ. ಆದರೆ ‘ಬೇ’ಗೂ ‘ಡ’ಗೂ ನಡುವೆ ಅವನು ಉಗುಳು ನುಂಗುವಷ್ಟರಲ್ಲಿ ಮೇಸ್ತ್ರಿ ರೋಲರ್ ತೊಳೆಯುವ ಎಣ್ಣೆಯ ಬಟ್ಟೆಯಿಂದ ಚೀಟಿಯನ್ನು ಒಮ್ಮೆ ಗಸಕ್ಕನೆ ಉಜ್ಜಿಯೇಬಿಟ್ಟ. ಕೊಳೆ ಹೋಯಿತು. ಎಂಟೂ ಹೋಯಿತು. ಬಿಯೂ ಹೋಯಿತು. ಆಗ ತಾನೇ ಹುಟ್ಟಿದ ಮಗುವಿನ ಬೆನ್ನಿನಂತೆ ಚೀಟಿ ನುಣ್ಣಗೆ ಹೊಳೆಯಿತು.

ಅಲ್ಪವಿರಾಮ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟ.

“ಬಣ್ಣ ಗಟ್ಟಿ ಇರಲಿಲ್ಲ,” ಎಂದ ಮೇಸ್ತ್ರಿ ಕೊನೆಗೆ. “ನಮ್ಮಲ್ಲಿ ಛಾಪಿಸಿದ್ರೆ ಹೀಗಾಗ್ತಿರಲಿಲ್ಲ.”

ಹನ್ನೆರಡೂವರೆಗೆ ಅಲ್ಪವಿರಾಮ ಲ್ಯಾಪ್‌ಟಾಪ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಣ್ಣುಮಗಳು ಮಾತಾಡಿದಳು. ಚೀಟಿ ಅಳಿಸಿಹೋದ ಕತೆಯನ್ನು ಅವನು ಅಳುದನಿಯಲ್ಲಿ ಹೇಳಿದ.

“ಚೀಟಿ ಹೋಗಲಿ ಬಿಡಿ ಸರ್,” ಎಂದಳು ಆಕೆ. “ನಿಮ್ಮ ಮಾಡೆಲ್ಲಿನಲ್ಲಿ ಲೈಸೆನ್ಸ್ ಇರೋದು ಯಂತ್ರದ ಒಳಗೇ. ಅದು ಹುಟ್ಟುಮಚ್ಚೆ ಇದ್ದ ಹಾಗೆ. ಯಂತ್ರದ ಜೊತೆ ಬಂದದ್ದು, ಯಂತ್ರದ ಜೊತೆಗೇ ಹೋಗೋದು. ಇನ್ನೊಂದಕ್ಕೆ ಕೊಡೋಕಾಗಲ್ಲ, ಇದರಿಂದ ಅಳಿಸೋಕೂ ಆಗಲ್ಲ.”

“ಹಾಗಾದ್ರೆ ಇದು ಅಸಲಿನಾ?”

“ಯಂತ್ರ ಅಸಲಿ ಸರ್. ಅದರ ಮೇಲೆ ಯಾರೋ ನಕಲಿ ಸಿಸ್ಟಮ್ ಹಾಕಿದಾರೆ. ಮೂಲ ಸಿಸ್ಟಮ್ಮಿನ ಒಂದು ಪ್ರತೀನ ಡಿಸ್ಕಿನ ಮರೆಯಲ್ಲಿ ಕಂಪನಿಯವರೇ ಇಟ್ಟಿರ್ತಾರೆ. ನಾನು ಹೇಳೋ ಕೀ ಒತ್ತಿ ಹಿಡಿದು ಆನ್ ಮಾಡಿ, ಅದೇ ತನ್ನನ್ನ ತಾನು ಹಾಕ್ಕೊಳ್ಳುತ್ತೆ. ಆದ್ರೆ ಒಂದು ಮಾತು ಸರ್, ಈಗ ಅದರಲ್ಲಿ ಇರೋದೆಲ್ಲ ಅಳಿಸಿಹೋಗುತ್ತೆ.”

ಆ ಕೀ ಯಾವುದೆಂದು ಬರೆದುಕೊಂಡು ಅಲ್ಪವಿರಾಮ ಫೋನಿಟ್ಟ. ಆದರೆ ಲ್ಯಾಪ್‌ಟಾಪಿನಲ್ಲಿ ಏಳನೇ ತರಗತಿಯ ವಿಜ್ಞಾನ ಪೂರ್ತಿ ಇತ್ತು. ಎರಡು ತಿಂಗಳ ತಿದ್ದುಪಡಿ. ಪರದೆಯ ಎಚ್ಚರಿಕೆಯನ್ನು ಪಕ್ಕಕ್ಕೆ ಸರಿಸಿ, ಒಂದೊಂದೇ ಪಾಠವನ್ನು ಪ್ರೆಸ್ಸಿನ ಕಂಪ್ಯೂಟರಿಗೆ ಸಾಗಿಸಿದ. ಜೀರ್ಣಾಂಗಗಳ ಪಾಠ ಎರಡು ಸಲ ಹೋಯಿತು, ಶಾಖದ ಪಾಠ ಅರ್ಧದಲ್ಲೇ ನಿಂತು ಮತ್ತೆ ಹೋಗಬೇಕಾಯಿತು. ಎಲ್ಲ ಮುಗಿಯುವಾಗ ಎರಡೂವರೆ.

ಕೀ ಒತ್ತಿದ. ಪರದೆ ನೀಲಿಯಾಯಿತು. ಒಂದು ಪಟ್ಟಿ ಬಸವನಹುಳುವಿನಂತೆ ತೆವಳತೊಡಗಿತು. ಮೂರು ಪರ್ಸೆಂಟ್. ಹನ್ನೊಂದು. ನಲವತ್ತೇಳಕ್ಕೆ ಬಂದು ನಿಂತದ್ದು ನಿಂತೇಬಿಟ್ಟಿತು.

ಸುದ್ದಿ ಹಬ್ಬಿ ಅರ್ಧ ಪ್ರೆಸ್ಸು ಅವನ ಮೇಜಿನ ಸುತ್ತ ನೆರೆದಿತ್ತು. ಹೆರಿಗೆ ಕೋಣೆಯ ಹೊರಗೆ ನಿಂತ ನೆಂಟರ ಹಾಗೆ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

“ಒಂದು ಏಟು ಕೊಡಿ,” ಎಂದು ಪಿಸುಗುಟ್ಟಿದ ಮೇಸ್ತ್ರಿ. “ನನ್ನ ಮಷೀನು ಹಾಗೇ ಹೊರಡೋದು.”

“ನೀನು ಕೈ ಕಟ್ಕೊಂಡು ನಿಂತ್ಕೋ ಮಾರಾಯ!” ಎಂದ ಅಲ್ಪವಿರಾಮ. ಆ ಮಾತು ಮಾತ್ರ ತಡೆಯಿಲ್ಲದೆ ಬಂತು.

ಮೂರೂಕಾಲಿಗೆ ತೊಂಬತ್ತು ದಾಟಿತು. ಎಲ್ಲರೂ ಉಸಿರು ಬಿಟ್ಟರು. ಅಷ್ಟರಲ್ಲಿ ಟಿಣ್ ಎಂದು ಸದ್ದಾಗಿ ಪರದೆ ಮಂಕಾಯಿತು: ‘ಬ್ಯಾಟರಿ ನಾಲ್ಕು ಪರ್ಸೆಂಟ್.’

ಅಲ್ಪವಿರಾಮ ಮೇಜಿನ ಕೆಳಗೆ ಬಗ್ಗಿದ. ಅವನ ವೈರು ನೆಲದ ಮೇಲೆ ಸತ್ತ ಹಾವಿನಂತೆ ಬಿದ್ದಿತ್ತು. ಗೋಡೆಯ ಪ್ಲಗ್ಗಿನಲ್ಲಿ ಬೈಂಡಿಂಗ್ ಅಕ್ಕನ ಅಂಟು ಕಾಯಿಸುವ ಪಾತ್ರೆ ಆರಾಮವಾಗಿ ಕುದಿಯುತ್ತಿತ್ತು.

“ಅಕ್ಕಾ!”

“ನಾನೇನು ಮಾಡ್ಲಿ ತಮ್ಮಾ, ಅಂಟು ಗಟ್ಟಿಯಾಗ್ತಿತ್ತು!”

ಅವನು ಪಾತ್ರೆಯ ವೈರು ಕಿತ್ತು ತನ್ನದನ್ನು ತುರುಕಿದಾಗ ಬ್ಯಾಟರಿ ಒಂದಕ್ಕೆ ಇಳಿದಿತ್ತು. ಪಾತ್ರೆ ವಾಲಿ ಮೊಳಕೈಗೆ ಬಿಸಿ ಅಂಟು ತಾಗಿತು. ನೋವು ಗೊತ್ತಾಗಲಿಲ್ಲ, ಅಂಗಿ ಮೇಜಿಗೆ ಅಂಟಿಕೊಂಡಾಗಲೇ ಗೊತ್ತಾಯಿತು.

ಹೀಗೆ ಮೇಜಿಗೆ ಅಂಟಿದ ತೋಳಿನೊಡನೆ ಅವನು ನಿಂತಿದ್ದಾಗಲೇ ಯಜಮಾನರು ತಪಾಸಕರನ್ನು ಕರೆತಂದರು. ನಾಲ್ಕಕ್ಕೆ ಬರಬೇಕಾದವರು ಮೂರೂವರೆಗೇ ಬಂದಿದ್ದರು. ಬೋಳುತಲೆ, ಇಸ್ತ್ರಿ ಅಂಗಿ, ಹೆಗಲಿಗೆ ಚರ್ಮದ ಚೀಲ. ಮುಖ ನೋಡಿದರೆ ಈ ಮನುಷ್ಯ ಅಂಚೆಚೀಟಿಯನ್ನೂ ಎರಡನೇ ಸಲ ಬಳಸಿರಲಿಕ್ಕಿಲ್ಲ ಎನ್ನಿಸುತ್ತಿತ್ತು.

“ಲೈಸೆನ್ಸ್ ಅನ್ನೋದು ಬಾಡಿಗೆ ಮನೆ ಇದ್ದ ಹಾಗೆ,” ಎಂದು ಅವರು ಎಲ್ಲರಿಗೂ ಪಾಠ ಶುರುಮಾಡಿದರು. “ಇರಬಹುದು, ಉಣ್ಣಬಹುದು, ಮಲಗಬಹುದು. ಆದರೆ ಮನೆ ನಮ್ಮದಲ್ಲ. ಕರಾರು ಇಲ್ಲದೆ ನುಗ್ಗಿದವನಿಗೆ ಏನಂತಾರೆ?”

“ಕಳ್ಳ,” ಎಂದ ಮೇಸ್ತ್ರಿ ಉತ್ಸಾಹದಿಂದ. ಅಲ್ಪವಿರಾಮ ಕಣ್ಣು ಮುಚ್ಚಿದ.

ಕಣ್ಣು ತೆರೆದಾಗ ಪಟ್ಟಿ ನೂರು ಮುಟ್ಟಿತ್ತು. ತಪಾಸಕರು ಅಲ್ಲೇ ಕುರ್ಚಿ ಎಳೆದು ಕುಳಿತು, ಪ್ರೆಸ್ಸಿನ ಇಂಟರ್‌ನೆಟ್ಟಿಗೆ ಅದನ್ನು ಜೋಡಿಸಿದರು. ಪರದೆಯ ಮೇಲೆ ಚುಕ್ಕಿಗಳು ಗಿರಗಿರನೆ ಸುತ್ತಿದವು. ಆಮೇಲೆ ಹಸಿರು ಗುರುತಿನೊಂದಿಗೆ ಅಕ್ಷರ ಮೂಡಿತು: ‘ನಿಮ್ಮ ಆಪರೇಟಿಂಗ್ ಸಿಸ್ಟಮ್ ಅಸಲಿಯಾಗಿದೆ.’

“ಹೋ!” ಎಂದು ಇಡೀ ಪ್ರೆಸ್ಸು ಕೂಗಿತು. ಅಕ್ಕ ಕಣ್ಣೊರೆಸಿಕೊಂಡಳು. ಯಜಮಾನರು ಹನ್ನೆರಡು ವರ್ಷದಲ್ಲಿ ಮೊದಲ ಸಲ ಅಲ್ಪವಿರಾಮನ ಬೆನ್ನು ತಟ್ಟಿ, “ನಾನು ಹೇಳ್ಲಿಲ್ವಾ, ನಮ್ಮ ಹುಡುಗ ಅಪ್ಪಟ ಚಿನ್ನ!” ಎಂದು ಎಲ್ಲರನ್ನೂ ಕೆಲಸಕ್ಕೆ ಅಟ್ಟಿ, ತಾವೇ ಕಾಫಿಗೆ ಹೇಳಲು ಓಡಿದರು.

ಕೋಣೆಯಲ್ಲಿ ಉಳಿದವರು ಇಬ್ಬರೇ. ಅಲ್ಪವಿರಾಮ ಅಂಟಿದ ತೋಳನ್ನು ಬಿಡಿಸಿಕೊಳ್ಳುತ್ತಾ ನಕ್ಕ. ತಪಾಸಕರು ನಗಲಿಲ್ಲ. ಅವರ ಮುಖ ಸುಣ್ಣ ಬಳಿದಂತಾಗಿತ್ತು.

ಅವನು ಪರದೆಗೆ ಬಗ್ಗಿದ. ಹಸಿರು ಗುರುತು ಹೋಗಿ ಬೇರೊಂದು ಪುಟ ಬಂದಿತ್ತು: ‘ಸ್ವಾಗತ. ಈ ಯಂತ್ರ ಪಠ್ಯಪುಸ್ತಕ ಮಂಡಳಿಯ ತಪಾಸಣಾ ವಿಭಾಗದ ಸ್ವತ್ತು. ದಯವಿಟ್ಟು ನಿಮ್ಮ ಕಚೇರಿಯ ಗುರುತು ಕೊಟ್ಟು ಒಳಗೆ ಬನ್ನಿ.’

ಅಲ್ಪವಿರಾಮ ಕೈ ಮುಗಿದ. “ಸಾರ್... ದೇವರಾಣೆ ನಾನು ಕದ್ದಿಲ್ಲ! ನನ್ನ ಭಾವಮೈದ...”

“ಮೆತ್ತಗೆ, ಮೆತ್ತಗೆ!” ತಪಾಸಕರು ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದರು. ಬೋಳುತಲೆಯ ಮೇಲೆ ಬೆವರಿನ ಹನಿಗಳು ಸಾಲುಗಟ್ಟಿದ್ದವು. “ನೀವು ಕದ್ದಿಲ್ಲ ಅಂತ ನನಗೆ ಗೊತ್ತು. ಇದು ಎರಡು ವರ್ಷದ ಹಿಂದೆ ನೀರಲ್ಲಿ ನೆಂದು ಪೂರ್ತಿ ಹಾಳಾಗಿ, ಗುಜರಿಗೆ ಹೋಗಿದೆ.”

“ಹಾಳಾಗಿಲ್ಲವಲ್ಲ ಸಾರ್, ಇಲ್ಲೇ ಇದೆ.”

“ಹಾಳಾಗಿದೆ ಕಣ್ರೀ! ಹಾಗಂತ ಕಡತದಲ್ಲಿ ಬರೆದಿದೆ. ಕೆಳಗೆ ಸಹಿ ನಂದೇ.”

ಅಲ್ಪವಿರಾಮನ ಮಾತಿಗೆ ಈ ಸಲ ಬಿದ್ದದ್ದು ಪೂರ್ಣವಿರಾಮ.

“ಇದರ ನಂಬರು ಕಂಪನಿಯಲ್ಲಿ ನಮ್ಮ ಮಂಡಳಿ ಹೆಸರಲ್ಲೇ ಇದೆ. ಇನ್ನು ಸ್ವಲ್ಪ ಹೊತ್ತಲ್ಲಿ ಇದು ಎಲ್ಲಿದೆ ಅಂತ ನಮ್ಮ ಆಫೀಸಿಗೆ ಗೊತ್ತಾಗುತ್ತೆ,” ಎನ್ನುತ್ತ ತಪಾಸಕರು ಇಂಟರ್‌ನೆಟ್ ವೈರನ್ನು ಪಟ್ಟನೆ ಕಿತ್ತರು. “ನನ್ನ ಕೆಲಸ ಹೋಗುತ್ತೆ, ನಿಮ್ಮ ಪ್ರೆಸ್ಸಿಗೆ ಪೊಲೀಸು ಬರ್ತಾರೆ. ಇಬ್ಬರಿಗೂ ಇರೋದು ಒಂದೇ ದಾರಿ. ಮುಂಚೆ ಇದರಲ್ಲಿ ಏನಿತ್ತೋ ಅದನ್ನೇ ಮತ್ತೆ ಹಾಕಿಬಿಡಿ.”

“ಆ ನಕಲಿನಾ? ಈಗ ತಾನೇ ನೀವೇ ಕಳ್ಳ ಅಂದ್ರಿ!”

“ಕಳ್ಳ ಅಂದದ್ದು ನಾನಲ್ಲ, ನಿಮ್ಮ ಮೇಸ್ತ್ರಿ. ಬೇಗ ಹಾಕಿ. ವರದಿಯಲ್ಲಿ ಎಲ್ಲಾ ಅಸಲಿ ಅಂತ ನಾನು ಬರೀತೀನಿ.”

“ಮುಂದಿನ ವರ್ಷದ ತಪಾಸಣೆಗೆ?”

“ನನಗೆ ವರ್ಗ ಆಗಿದೆ. ಬೇರೆಯವರು ಬರ್ತಾರೆ. ಬಹಳ ಕಟ್ಟುನಿಟ್ಟಂತೆ.”

ಅಲ್ಪವಿರಾಮ ಕುರ್ಚಿಯಲ್ಲಿ ಕುಸಿದ. ಬೆಳಗಿನಿಂದ ಪಟ್ಟ ಪಾಡೆಲ್ಲ ಕಣ್ಣ ಮುಂದೆ ಹಾದುಹೋಯಿತು. “ಆದ್ರೆ ಸಾರ್, ಆ ನಕಲಿ ಈಗ ಎಲ್ಲಿಂದ ತರಲಿ? ಪೂರ್ತಿ ಅಳಿಸಿಹೋಯ್ತಲ್ಲ.”

ತಪಾಸಕರು ಒಮ್ಮೆ ಬಾಗಿಲ ಕಡೆ ನೋಡಿ, ಚರ್ಮದ ಚೀಲದ ಒಳಜೇಬಿಗೆ ಕೈ ಹಾಕಿ, ಒಂದು ಪುಟ್ಟ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು.

“ಗಾಬರಿಯಾಗಬೇಡಿ. ಹೋದ ಸಲ ನಾನು ಹಾಕಿದ್ದೂ ಇದರಿಂದಲೇ.”