ಅಪ್ಪನ ಲಿವರಿಗೆ ಚಿನ್ನದ ಧೂಳು

ನಗಬಾರದ ಕಡೆಯೇ ನಗು ಬರುವುದು ನಮ್ಮ ಮನೆಯ ಕರ್ಮ. ಅಪ್ಪನ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಎಂದು ಗೊತ್ತಾದ ಮೇಲಂತೂ ಇಂಥದ್ದು ನಡೆಯುತ್ತಲೇ ಇದೆ. ನೆಮ್ಮದಿಯಾಗಿ ಅಳುವುದಕ್ಕೂ ಪುರುಸೊತ್ತಿಲ್ಲ.

೧

ಕೊಟ್ಟ ಔಷಧಿಗೆಲ್ಲ ಗಡ್ಡೆ ಜಗ್ಗದೆ ಕೂತಾಗ ಬೆಂಗಳೂರಿನ ಡಾಕ್ಟರಮ್ಮ, "ಹೊಸದೊಂದು ಬರ್ತಾ ಇದೆ" ಎಂದರು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು, ಜೊತೆಗೇ ಔಷಧಿ. ರಕ್ತಕ್ಕೆ ಬಿಟ್ಟರೆ ಗಡ್ಡೆಗೆ ಹೋಗಿ ಕೂರುತ್ತವಂತೆ, ಅಲ್ಟ್ರಾಸೌಂಡಿನಲ್ಲಿ ಹೊಳೆಯುತ್ತವಂತೆ. ಆ ಅಲ್ಟ್ರಾಸೌಂಡಿನ ಶಬ್ದವನ್ನೇ ಜೋರು ಮಾಡಿದರೆ ಅಲ್ಲೇ ಸಿಡಿದು ಔಷಧಿ ಸುರಿಸುತ್ತವಂತೆ. ನಾನು ಆ 'ಹೊಸದೊಂದ'ನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಅಪ್ಪ ಬದುಕಲು ಬೇರೆ ದಾರಿ ಉಳಿದಿರಲಿಲ್ಲ.

ಅಪ್ಪನ ಚಿಂತೆ ಬೇರೆ. ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ದುಡಿದವರು. ಶಿಫ್ಟ್ ಮುಗಿದರೆ ಗೇಟಿನಲ್ಲಿ ಬಾಯಿ ತೆರೆಸಿ, ತಲೆಗೂದಲು ಕೆದಕಿ ತಪಾಸಣೆ ಮಾಡುತ್ತಿದ್ದರು.

"ಅವ್ರು ಚಿನ್ನ ಆಕ್ತಾರೆ, ಸರಿ. ಆಸ್ಪತ್ರೆ ಗೇಟ್‌ನಾಗೆ ಇಡ್ಕೊಂಡ್ರೆ ಏನ್ ಜವಾಬ್ ಕೊಡಾದಮ್ಮಾ? ಮೊದ್ಲೇ ಚೀಟಿ ಬರ್ಸ್ಕೋ."

೨

ಗಣಿಯೊಳಗೆ ಬಂಡೆಗೆ ಮದ್ದು ತುಂಬಿ ಸಿಡಿಸುವುದು ಅಪ್ಪನ ಕೆಲಸವಾಗಿತ್ತು. ಸಿಡಿದ ಮೇಲೆ ಹೊಗೆ ಹೋಗುವ ತನಕ ಯಾರೂ ಹತ್ತಿರ ಸುಳಿಯುವಂತಿಲ್ಲ. ಮುಂದಿನ ಸಲ ಮಾಮೂಲಿ ಸ್ಕ್ಯಾನಿಗೆ ಮಲಗಿಸಿ, ಹೊಟ್ಟೆಗೆ ಜೆಲ್ ಹಚ್ಚಿದ್ದೇ ತಡ, ಇವತ್ತೇ ಸಿಡಿಸುತ್ತಾರೆ ಎಂದುಕೊಂಡು ಅಪ್ಪ ಎದ್ದು ಕೂತರು.

"ಎಲ್ಲಾ ದೂರ ಓಗ್ರೀ! ಸಿಡೀತದೆ!"

ಆ ಗಂಟಲಿಗೆ ಸ್ಕ್ಯಾನ್ ಮಾಡುವ ಹುಡುಗಿ ಮೆಷಿನ್ ಬಿಟ್ಟು ಓಡಿದಳು. ಹೊರಗೆ ಕೂತಿದ್ದ ರೋಗಿಗಳೂ ಓಡಿದರು. "ಅಪ್ಪಾ, ಇದು ಬರೀ ಫೋಟೋ" ಎಂದು ಗೋಗರೆದು, ಹುಡುಗಿಯನ್ನು ಹುಡುಕಿ ಕರೆತಂದೆ. ಅವಳು ಬಾಗಿಲಲ್ಲೇ ನಿಂತಳು. ಅಪ್ಪನೇ ಧೈರ್ಯ ತುಂಬಿದರು.

"ಬಾಮ್ಮಾ, ಬಾ. ಹೊಗೆ ಎಲ್ಲಾ ಓಯ್ತು."

೩

ಕೊನೆಗೆ ತಡೆಯಲಾರದೆ, "ಆ ಚಿನ್ನದ ಕಣ ಅಪ್ಪನಿಗೆ ಯಾವಾಗ ಹಾಕ್ತೀರ ಮೇಡಂ?" ಎಂದೆ.

ಡಾಕ್ಟರಮ್ಮನ ಮುಖ ಸಪ್ಪಗಾಯಿತು. "ಅದನ್ನಿನ್ನೂ ಇಲಿಗಳ ಮೇಲೆ ನೋಡ್ತಾ ಇದ್ದಾರಮ್ಮ. ಮನುಷ್ಯರಿಗೆ ಬರೋಕೆ ವರ್ಷಗಟ್ಟಲೆ ಬೇಕು."

ಅಪ್ಪನಿಗೆ ವರ್ಷಗಟ್ಟಲೆ ಇಲ್ಲವೆಂದು ಹೇಳಿದ್ದವರೂ ಅವರೇ.

"ಇಲಿ ಉಸಾರಾಯ್ತಾ?" ಎಂದರು ಪಕ್ಕದಲ್ಲಿ ಕೂತಿದ್ದ ಅಪ್ಪ.

"ಸುಮಾರು ಇಲಿಗಳಿಗೆ ಗುಣ ಆಗಿದೆ."

"ಸಂತೋಸ."

ಬಂಗಾರಪೇಟೆಯ ಮೇಲೆ ರೈಲಿನಲ್ಲಿ ಊರಿಗೆ ಹೊರಟೆವು. ಊರಿಗಾಂನಲ್ಲಿ ಗಣಿಯವರು ಕಟ್ಟಿಸಿದ ನಮ್ಮ ಲೈನ್ ಮನೆಗೆ ಬಂದು ಬಾಗಿಲು ತೆರೆದರೆ, ಅಕ್ಕಿ ಡಬ್ಬದ ಹಿಂದೆ ಒಂದು ಇಲಿ. ಡಾಕ್ಟರ ಮೇಲೆ, ದೇವರ ಮೇಲೆ ಇದ್ದ ಸಿಟ್ಟನ್ನೆಲ್ಲ ಸೇರಿಸಿ ಪೊರಕೆ ಎತ್ತಿದೆ. ಅಪ್ಪ ಕೈ ಹಿಡಿದುಕೊಂಡರು.

"ಬಿಡಮ್ಮಾ. ಈ ಮನೇಲಿ ವಾಸಿ ಆಗೋ ಆಸೆ ಇರಾದು ಅದೊಂದಕ್ಕೇ."