ಕ್ಲಚ್ಚಿಲ್ಲದ ಕಾರು, ಸುಮ್ಮನಿರದ ಎಡಗಾಲು

"ಇನ್ನು ಮೇಲೆ ಈ ಮನೆ ಅಂಗಳದಲ್ಲಿ ಪೆಟ್ರೋಲಿನ ವಾಸನೆ ಕೂಡ ಸುಳೀಬಾರ್ದು" ಎಂದು ಡ್ರೈವಿಂಗ್ ಮೇಷ್ಟ್ರು ಒಂದು ಭಾನುವಾರ ಬೆಳಿಗ್ಗೆ ಘೋಷಿಸಿದರು. ಘೋಷಿಸುವಾಗ ಅವರು ಬನಿಯನ್ನಿನಲ್ಲಿದ್ದರು, ಬಾಯಿ ತುಂಬ ಪೇಸ್ಟಿನ ನೊರೆಯಿತ್ತು. ಗತ್ತು ಮಾತ್ರ ದಂಡಯಾತ್ರೆಗೆ ಹೊರಟ ಚಕ್ರವರ್ತಿಯದು. ಕೇಳಿಸಿಕೊಳ್ಳಲು ಹಾಜರಿದ್ದ ಪ್ರಜೆಗಳು ಇಬ್ಬರು, ಹೆಂಡತಿ ಮತ್ತು ಅತ್ತೆ. ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದರು. ಅತ್ತೆಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು, ಅಳಿಯ ಬಾಯಿ ತೆರೆದಾಗ ಮಾತ್ರ ಸ್ವಲ್ಪ ಮಂದ.

ಈ ಘೋಷಣೆಯ ಹಿಂದೆ ಪರಿಸರದ ಮೇಲಿನ ಪ್ರೀತಿ ಇತ್ತೆಂದು ಯಾರೂ ತಪ್ಪು ತಿಳಿಯಬಾರದು. ಇದ್ದದ್ದು ಅಪ್ಪಟ ಸಿಟ್ಟು. ಮೇಷ್ಟ್ರ ಡ್ರೈವಿಂಗ್ ಸ್ಕೂಲಿನ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿ, ಇನ್ನೊಂದು ಸ್ಕೂಲು ಬಾಗಿಲು ತೆರೆದಿತ್ತು. ಅವರ ಹತ್ತಿರ ಎಲೆಕ್ಟ್ರಿಕ್ ಕಾರಿತ್ತು. ಅದಕ್ಕೆ ಗೇರು ಬದಲಿಸುವ ರಗಳೆಯಿಲ್ಲ, ಕ್ಲಚ್ಚಿಲ್ಲ, ಹೊಗೆಯಿಲ್ಲ. ಮೇಷ್ಟ್ರ ಶಿಷ್ಯರು ಒಬ್ಬೊಬ್ಬರಾಗಿ ಕಾಲಿಗೆ ಬುದ್ಧಿ ಹೇಳಿ ರಸ್ತೆ ದಾಟಿದರು. ಅರ್ಧ ಪಾಠದಲ್ಲಿ ಸಿಗ್ನಲ್ ಬಳಿ ಕಾರಿನಿಂದ ಇಳಿದು ಹೋದವನೂ ಒಬ್ಬನಿದ್ದ. ಅರ್ಧ ಊರಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವರಿಗೆ ಈ ಗತಿಯೇ? ಮೇಷ್ಟ್ರು ಹಿಂದೆಮುಂದೆ ನೋಡದೆ ಎರಡೂ ಪೆಟ್ರೋಲ್ ಕಾರುಗಳನ್ನು ಮಾರಿ, ಬಂದದ್ದನ್ನೆಲ್ಲ ಸುರಿದು ಒಂದು ಎಲೆಕ್ಟ್ರಿಕ್ ಕಾರು ತಂದು ನಿಲ್ಲಿಸಿದರು.

ಒಂದೇ ಒಂದು ಕಂಟಕ ಬಾಕಿಯಿತ್ತು. ಈ ಹೊಸ ಬಗೆಯ ಕಾರಿನಲ್ಲಿ ಪಾಠ ಹೇಳಬೇಕಾದರೆ, ಹೇಳುವವರು ಮೊದಲು ಸಾರಿಗೆ ಕಚೇರಿಯ ಇನ್ಸ್‌ಪೆಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸಬೇಕಿತ್ತು. ಅವರು ಸೈ ಎಂದರೆ ಸ್ಕೂಲು ಉಂಟು. ಇಲ್ಲವೆಂದರೆ ಹಳೆಯ ಕಾರುಗಳೂ ಇಲ್ಲ, ಹೊಸ ಕಾರಿನಲ್ಲಿ ಪಾಠವೂ ಇಲ್ಲ, ಸ್ಕೂಲಿಗೆ ಬೀಗ.

"ನನಗೆ ಪರೀಕ್ಷೆಯಂತೆ" ಎಂದು ಮೇಷ್ಟ್ರು ನಕ್ಕರು. "ಮೀನಿಗೆ ಈಜು ಬರುತ್ತಾ ಅಂತ ಕೇಳ್ತಾರಂತೆ, ನೋಡೇ."

ಹೆಂಡತಿ ಟವೆಲ್ಲು ಮಡಿಸಿ ಬದಿಗಿಟ್ಟರು, ಮೀನಿನ ಬಗ್ಗೆ ಅಭಿಪ್ರಾಯ ಹೇಳಲಿಲ್ಲ.

ಮೇಷ್ಟ್ರ ಎಡಗಾಲಿನ ವಿಚಾರವನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಅನಾಹುತಕ್ಕೆಲ್ಲ ಅದೇ ಕಾರಣ. ಹಳೆಯ ಕಾರುಗಳಲ್ಲಿ ಎಡಗಾಲಿಗೆ ಕೆಲಸವೆಂದರೆ ಒಂದೇ, ಕ್ಲಚ್ಚು ಒತ್ತುವುದು. ಗೇರು ಬದಲಿಸಲು ಒತ್ತಬೇಕು, ಕಾರು ನಿಲ್ಲಿಸಲು ಒತ್ತಬೇಕು, ಅದೂ ಪೂರ್ತಿ ಒತ್ತಬೇಕು. ಮೇಷ್ಟ್ರ ವಿದ್ಯೆಯ ಸಾರಸರ್ವಸ್ವ ಅಷ್ಟೇ. "ಎಡಗಾಲು! ಎಡಗಾಲೆಲ್ಲಿ? ಮನೇಲಿ ಬಿಟ್ಟು ಬಂದ್ಯಾ?" ಎಂದು ಅವರು ಕಿರುಚಿದರೆ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದವರೂ ಒಮ್ಮೆ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಹಿಂದೆ ಹೆಂಡತಿಗೂ ಕಲಿಸಲು ಹೋಗಿದ್ದರು. ಆಕೆ ಕ್ಲಚ್ಚು ಬಿಟ್ಟಾಗಲೆಲ್ಲ ಕಾರು ಜಿಗಿದು ಆಫಾಗುತ್ತಿತ್ತು, ಕಾರು ಆಫಾದಾಗಲೆಲ್ಲ ಮೇಷ್ಟ್ರು ಆನ್ ಆಗುತ್ತಿದ್ದರು. ಒಂದು ದಿನ ಅವರು "ನಿನಗೆ ಕ್ಲಚ್ಚಿನ ಕಾಲೇ ಇಲ್ಲ ಕಣೇ" ಎಂದು ಕೊನೆಯ ತೀರ್ಪು ಕೊಟ್ಟರು. ಆಕೆ ಇಳಿದು ನಡೆದೇ ಮನೆಗೆ ಬಂದವರು ಆಮೇಲೆ ಆ ಸುದ್ದಿ ಎತ್ತಲಿಲ್ಲ.

ಹೊಸ ಕಾರಿನ ಮೊದಲ ಸವಾರಿ ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯುವುದೆಂದು ನಿಶ್ಚಯವಾಯಿತು. ನೇರ ರಸ್ತೆಯಲ್ಲಿ ಕಾರು ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಮೇಷ್ಟ್ರು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಭಾಷಣ ಮಾಡುತ್ತಿದ್ದರು. ಬೇಕರಿಯ ಬಳಿ ತಿರುವು ಬಂತು. ತಿರುವು ಕಂಡದ್ದೇ ತಡ, ಎಡಗಾಲು ಯಾರ ಅಪ್ಪಣೆಗೂ ಕಾಯದೆ ಎದ್ದು ಕ್ಲಚ್ಚನ್ನು ಪೂರ್ತಿ ಒತ್ತಿತು. ಅಲ್ಲಿ ಕ್ಲಚ್ಚಿರಲಿಲ್ಲ. ಅಲ್ಲಿದ್ದದ್ದು ಬ್ರೇಕಿನ ಅಗಲವಾದ ಪೆಡಲು.

ಕಾರು ಗೂಟ ಹೊಡೆದಂತೆ ನಿಂತಿತು. ಒಳಗಿದ್ದವರು ನಿಲ್ಲಲಿಲ್ಲ. ಹೆಂಡತಿಯನ್ನು ಬೆಲ್ಟು ಹಿಡಿದುಕೊಂಡಿತು. ಅತ್ತೆಯ ಕನ್ನಡಕ ಹಿಂದಿನ ಸೀಟಿನಿಂದ ಹಾರಿ ಮುಂದಿನ ಗಾಜಿಗೆ ಬಡಿಯಿತು. ಬೆನ್ನಿಗೇ ಬರುತ್ತಿದ್ದ ಪೋಸ್ಟ್‌ಮ್ಯಾನನ ಸೈಕಲ್ಲು ಕಾರಿನ ಹಿಂಭಾಗಕ್ಕೆ ಮುತ್ತಿಟ್ಟು, ಅವನ ಚೀಲದ ಕಾಗದಗಳೆಲ್ಲ ಬೀದಿಪಾಲಾದವು.

"ಯಾರು ಸತ್ರು?" ಎಂದು ಅತ್ತೆ ಕೇಳಿದರು.

"ಯಾರೂ ಇಲ್ಲ ಅತ್ತೆ."

"ಹಾಗಾದ್ರೆ ನಾನೇ ಇರಬೇಕು."

ಡಾಕ್ಟರ ಮನೆ ಮುಟ್ಟುವುದರೊಳಗೆ ಪ್ರತಿ ತಿರುವಿನಲ್ಲೂ ಇದೇ ಕಥೆ. ಅತ್ತೆ ಇಳಿದವರೇ, ಕಣ್ಣು ಆಮೇಲೆ ತೋರಿಸಿದರಾಯಿತು, ಮೊದಲು ಕುತ್ತಿಗೆ ತೋರಿಸಬೇಕು ಎಂದರು. ವಾಪಸ್ಸು ಬರುವಾಗ ಬಸ್ಸು ಹತ್ತಿದರು.

ಮೇಷ್ಟ್ರು ತಮ್ಮ ತಪ್ಪೆಂದು ಒಪ್ಪಿದರೇ? ಆ ಜಾತಕದವರೇ ಅಲ್ಲ. ಮರುದಿನ ಕಾಲು ಕೆರೆದುಕೊಂಡು ಷೋರೂಮಿಗೆ ಜಗಳಕ್ಕೆ ಹೋದರು. ಬ್ರೇಕು ಸರಿಯಿಲ್ಲ, ಮುಟ್ಟಿದರೆ ಕಚ್ಚಿಕೊಳ್ಳುತ್ತದೆ ಎಂದರು. ಅಲ್ಲಿಯ ಸೇಲ್ಸ್ ಹುಡುಗಿ ತಾನೇ ಓಡಿಸಿ ನೋಡಿ, ಬ್ರೇಕು ಸರಿಯಾಗಿದೆ, ತಮ್ಮ ಎಡಗಾಲು ಸ್ವಲ್ಪ ವಿಶ್ರಾಂತಿ ತಗೊಂಡರೆ ಸಾಕು ಎಂದು ವಿನಯದಿಂದ ಹೇಳಿದಳು. ಇದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ತಾನು ಹುಟ್ಟುವ ಮೊದಲೇ ಸರ್ವೀಸಿಗೆ ಸೇರಿದ ಕಾಲಿಗೆ ಈ ಹುಡುಗಿ ನಿವೃತ್ತಿ ಕೊಡುವುದೆಂದರೇನು! ಹಾಗಿದ್ದರೆ ಒಂದು ಸುಳ್ಳು ಕ್ಲಚ್ಚಾದರೂ ಜೋಡಿಸಿಕೊಡಿ, ಏನೂ ಕೆಲಸ ಮಾಡದಿದ್ದರೂ ಪರವಾಗಿಲ್ಲ, ಕಾಲಿಗೆ ಒತ್ತಲು ಏನಾದರೂ ಬೇಕು ಎಂದು ಮೇಷ್ಟ್ರು ಹಟ ಹಿಡಿದರು. ಮಗುವಿನ ಬಾಯಿಗೆ ಬರಿಯ ನಿಪ್ಪಲ್ಲು ಕೊಟ್ಟಂತೆ ಎಂದು ಪಕ್ಕದಲ್ಲಿದ್ದ ಗಿರಾಕಿಯೊಬ್ಬ ಹೇಳಿದ್ದನ್ನು ಅವರು ಕ್ಷಮಿಸಲೇ ಇಲ್ಲ. ಹೀಗೆ ಒಂದು ದಿನವಲ್ಲ, ತಿಂಗಳೆಲ್ಲ ಹೋಗಿ ಜಗಳವಾಡಿದರು. ಸಂಜೆ ಸಂಜೆ ಹೆಂಡತಿ ಅದೇ ಷೋರೂಮಿಗೆ ಹೋಗಿ ಗಂಡನ ಪರವಾಗಿ ಕ್ಷಮೆ ಕೇಳಿ ಬರುತ್ತಿದ್ದರು. ಕ್ಷಮೆ ಕೇಳಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ತಮ್ಮ ಜಗಳದ ತೂಕ ಅಷ್ಟಿರಬೇಕೆಂದು ಮೇಷ್ಟ್ರು ಒಳಗೊಳಗೇ ಹೆಮ್ಮೆಪಟ್ಟರು.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ" ಎಂದು ಅತ್ತೆ ಗೋಡೆಗೆ ಹೇಳಿದರು.

"ನೆಲ ಡೊಂಕೇ ಇದೆ, ಅತ್ತೆ" ಎಂದು ಮೇಷ್ಟ್ರು ಸಿಡಿದರು. "ಒಂದು ಮರ್ಯಾದೆಯಿರೋ ಕಾರಾಗಿದ್ರೆ ತಪ್ಪು ಮಾಡಿದಾಗ ಗುರ್ ಅನ್ನುತ್ತೆ, ಕೆಮ್ಮುತ್ತೆ, ನಡುಗುತ್ತೆ. ಇದು ಸುಮ್ಮನೆ ನೋಡ್ತಾ ಇರುತ್ತೆ."

ಪರೀಕ್ಷೆ ಹತ್ತಿರ ಬಂತು. ಮೇಷ್ಟ್ರ ಸಿಟ್ಟಿನ ಕೆಳಗೆ ಈಗ ಭಯ ಶುರುವಾಗಿತ್ತು. ಬೀಗ ಹಾಕಿದ ಸ್ಕೂಲಿನ ಮುಂದೆ ತಾವು ನಿಂತಿರುವುದೂ, ಎದುರಿನ ಸ್ಕೂಲಿನವನು ಕೈಬೀಸುವುದೂ ಕಣ್ಣಿಗೆ ಕಟ್ಟುತ್ತಿತ್ತು. ಎಡಗಾಲನ್ನು ಸೀಟಿನ ಮೇಲೆ ಮಡಿಸಿ ಕೂತು ನೋಡಿದರು, ಅದು ಜೋಮು ಹಿಡಿದು ತಿರುವಿಗೆ ಸರಿಯಾಗಿ ಎಚ್ಚರವಾಯಿತು. ಎಡಗಾಲಿನ ಷೂ ಬಿಚ್ಚಿಟ್ಟು ನೋಡಿದರು, ಕಾಲು ಬರಿಗಾಲಲ್ಲೇ ಡ್ಯೂಟಿಗೆ ಹಾಜರಾಯಿತು. ಹುಟ್ಟುಗುಣ ಸುಟ್ಟರೂ ಹೋಗದು. ಕೊನೆಗೆ ಅತ್ತೆಯ ಉಣ್ಣೆಯ ಮಫ್ಲರನ್ನು ಕದ್ದು ತಂದು, ಎಡಗಾಲಿನ ಗಿಣ್ಣನ್ನು ಸೀಟಿನ ಕೆಳಗಿನ ಕಂಬಿಗೆ ಬಿಗಿಯಾಗಿ ಕಟ್ಟಿದರು.

ಪವಾಡವೇ ಆಯಿತು. ತಿರುವುಗಳೆಲ್ಲ ನುಣುಪಾದವು. ಕಾಲು ಎಳೆದಾಡಿತು, ಗುದ್ದಾಡಿತು, ಮಫ್ಲರು ಬಿಡಲಿಲ್ಲ. ಮನೆಗೆ ಬಂದ ಮೇಷ್ಟ್ರ ಮೀಸೆ ಮತ್ತೆ ಮೇಲೆದ್ದಿತ್ತು. ವಿದ್ಯೆ ಎಂದರೆ ಇದು, ಬುದ್ಧಿ ಎಂದರೆ ಇದು, ನಾಳೆ ನೀನೂ ಹಿಂದಿನ ಸೀಟಿನಲ್ಲಿ ಕೂತು ಕಣ್ಣಾರೆ ನೋಡು ಎಂದು ಹೆಂಡತಿಗೆ ಆಹ್ವಾನ ಕೊಟ್ಟರು. ಆಕೆ ಎರಡು ಸಲ ಹೇಳಿಸಿಕೊಳ್ಳದೆ ಒಪ್ಪಿದರು.

ಇನ್ಸ್‌ಪೆಕ್ಟರು ಬೇರೆ ಯಾರೂ ಅಲ್ಲ, ಮೇಷ್ಟ್ರ ಹಳೆಯ ಶಿಷ್ಯ. ಎಡಗಾಲಿನ ಮೊಣಕಾಲಿಗೆ ಅಡಿಪಟ್ಟಿಯಿಂದ ಎಷ್ಟೋ ಸಲ ತಟ್ಟಿಸಿಕೊಂಡವರು. ಪಕ್ಕದಲ್ಲಿ ಕೂತಾಗಲೂ ಅಭ್ಯಾಸಬಲದಿಂದ ಮೊಣಕಾಲನ್ನು ಸ್ವಲ್ಪ ಆಚೆಗೇ ಸರಿಸಿಕೊಂಡರು. ಮೇಷ್ಟ್ರು ಕಾರನ್ನು ಕಚೇರಿಯ ಮೈದಾನದಲ್ಲಿ ಸುತ್ತಿಸಿದರು, ಏರು ಹತ್ತಿಸಿದರು, ಹಿಂದಕ್ಕೆ ಓಡಿಸಿ ಎರಡು ಕಂಬಗಳ ನಡುವೆ ನಿಲ್ಲಿಸಿದರು. ಒಂದು ಕುಲುಕಿಲ್ಲ, ಒಂದು ಜರ್ಕಿಲ್ಲ. ಇನ್ಸ್‌ಪೆಕ್ಟರಿಗೆ ನಿಜವಾಗಿ ಸಂತೋಷವಾಯಿತು. ಮೇಷ್ಟ್ರ ಕೈಗೆ ವಯಸ್ಸೇ ಆಗಿಲ್ಲ ಎಂದರು. ಇನ್ನೊಂದೇ ಕೆಲಸ, ಕೆಳಗಿಳಿದು ಚಾರ್ಜ್ ಮಾಡುವ ಜಾಗ ತೆರೆದು ತೋರಿಸಿಬಿಡಿ, ಮುಗಿಯಿತು ಎಂದರು.

ಮುಗಿಯಿತು ಎಂಬ ಮಾತು ಕೇಳಿದ ಮೇಷ್ಟ್ರಿಗೆ ಮೈಯೆಲ್ಲ ರೆಕ್ಕೆ ಬಂತು. ಬೆಲ್ಟು ಬಿಚ್ಚಿದರು, ಬಾಗಿಲು ತೆರೆದರು, ಗೆದ್ದ ಜಟ್ಟಿಯಂತೆ ಹೊರಕ್ಕೆ ಜಿಗಿದರು.

ಮೇಷ್ಟ್ರು ಹೊರಗೆ ಬಂದರು. ಎಡಗಾಲು ಬರಲಿಲ್ಲ. ಅರ್ಧ ಮೇಷ್ಟ್ರು ಮಣ್ಣಿನಲ್ಲಿ, ಅರ್ಧ ಮೇಷ್ಟ್ರು ಕಾರಿನಲ್ಲಿ. ಗಿಣ್ಣು ಲಟಕ್ ಎಂದದ್ದು ಹಿಂದಿನ ಸೀಟಿನವರೆಗೂ ಕೇಳಿಸಿತು. ಲೈಸೆನ್ಸಿಗೆಂದು ಸಾಲಿನಲ್ಲಿ ನಿಂತಿದ್ದವರೆಲ್ಲ ಸಾಲು ಮುರಿದು ಓಡಿ ಬಂದರು. ಆ ಸ್ಥಿತಿಯಲ್ಲೂ ಮೇಷ್ಟ್ರು ತಲೆಯೆತ್ತಿ, ಈ ಕಾರಿಗೆ ಮನುಷ್ಯರನ್ನು ಇಳಿಸುವ ಶಿಸ್ತೂ ಇಲ್ಲ ಎಂದು ಕಂಪನಿಯನ್ನು ಬೈಯುತ್ತಿದ್ದರು. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೂ ಇರಲಿಲ್ಲ. ಮೀಸೆಯೇ ಮೊದಲು ಮಣ್ಣಾಗಿತ್ತು.

ಇನ್ಸ್‌ಪೆಕ್ಟರು ಮಂಡಿಯೂರಿ ಗಂಟು ಬಿಚ್ಚಿದರು. ಮಫ್ಲರನ್ನು ಕೈಯಲ್ಲಿ ಎತ್ತಿ ಹಿಡಿದರು.

"ಮೇಷ್ಟ್ರೇ, ನಾಳೆ ಕಲಿಯೋಕೆ ಬಂದೋರ ಕಾಲನ್ನೂ ಹೀಗೇ ಕಟ್ತೀರಾ?"

ಮೇಷ್ಟ್ರು ಮೀಸೆಯ ಮಣ್ಣು ಒರೆಸಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಫೇಲು ಎಂದು ಬರೆದು ಕಳಿಸುತ್ತಿದ್ದೆ, ಗುರುಗಳೆಂದು ಒಂದು ತಿಂಗಳು ಅವಕಾಶ ಕೊಡುತ್ತೇನೆ, ಚೆನ್ನಾಗಿ ಓಡಿಸುವವರ ಹತ್ತಿರ ಅಭ್ಯಾಸ ಮಾಡಿ, ಕಾಲು ಬಿಚ್ಚಿಕೊಂಡು ಬನ್ನಿ ಎಂದು ಇನ್ಸ್‌ಪೆಕ್ಟರು ಹೇಳಿದರು. ಅಷ್ಟರಲ್ಲಿ ಗಿಣ್ಣು ಊದಿ ಬನ್ನಿನಂತಾಗಿತ್ತು. ಈ ಕಾಲಲ್ಲಿ ಕಾರು ಓಡಿಸಿಕೊಂಡು ಮನೆಗೆ ಹೋಗುವುದು ಹೇಗೆ, ಯಾರನ್ನಾದರೂ ಕಳಿಸಿಕೊಡಬೇಕು ಎಂದು ಮೇಷ್ಟ್ರು ನರಳಿದರು.

"ಅದಕ್ಕೇನು, ಮೇಡಂ ಇದ್ದಾರಲ್ಲ" ಎಂದರು ಇನ್ಸ್‌ಪೆಕ್ಟರು. "ಹೋದ ವಾರ ನಾನೇ ಪಾಸು ಮಾಡಿದ್ದು. ಈ ವರ್ಷ ಅಷ್ಟು ನಯವಾಗಿ ಓಡಿಸಿದೋರು ಇನ್ನೊಬ್ಬರಿಲ್ಲ."

ಮೇಷ್ಟ್ರು ಹಿಂದಿನ ಸೀಟಿನತ್ತ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. ಹೆಂಡತಿ ಆಗಲೇ ಸ್ಟೀರಿಂಗಿನ ಮುಂದೆ ಕೂತು ಸೀಟು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಷೋರೂಮಿನ ಕ್ಷಮಾಪಣೆಗಳು ಅಷ್ಟು ಉದ್ದವಾಗಿದ್ದದ್ದು ಏಕೆಂದು ಮೇಷ್ಟ್ರಿಗೆ ಆಗ ಹೊಳೆಯಿತು. ಎಂಥ ಮೋಸ! ಸ್ವಂತ ಮನೆಯಲ್ಲಿ, ಸ್ವಂತ ಕಾರಿನಲ್ಲಿ, ಸ್ವಂತ ಹೆಂಡತಿಯಿಂದ!

ಮನೆ ತಲುಪುವವರೆಗೂ ಮೇಷ್ಟ್ರ ಬಲಗಾಲು ಪಕ್ಕದ ಸೀಟಿನ ಮ್ಯಾಟನ್ನು ಒತ್ತುತ್ತಲೇ ಇತ್ತು, ಆಕೆಗೆ ಅದರಿಂದ ಏನೂ ಬಾಧೆಯಾಗಲಿಲ್ಲ. ಬೇಕರಿಯ ತಿರುವು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಆಕೆಯ ಎಡಗಾಲು ಮೂಲೆಯಲ್ಲಿ ಹಾಯಾಗಿ ಒರಗಿಕೊಂಡಿತ್ತು. ಆಕೆ ಕ್ಲಚ್ಚು ಕಲಿಯದೇ ಇದ್ದದ್ದೇ ಒಳ್ಳೆಯದಾಯಿತಲ್ಲ ಎಂದು ಮೇಷ್ಟ್ರಿಗೆ ಹೊಟ್ಟೆ ಉರಿಯಿತು. ಮನೆ ಮುಂದೆ ಕಾರು ನಿಂತಾಗ ಅತ್ತೆ ಹೊರಗೆ ಬಂದು, ಸ್ಟೀರಿಂಗಿನಲ್ಲಿ ಯಾರಿದ್ದಾರೆಂದು ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡು, ಅಳಿಯನ ಕಾಲೇನಾಯಿತೆಂದೂ ಕೇಳದೆ ಹಿಂದಿನ ಸೀಟಿನಲ್ಲಿ ಕೂತರು. ಕಣ್ಣಿನ ಡಾಕ್ಟರ ಬಳಿ ಹೋಗಬೇಕಂತೆ.

ಗಿಣ್ಣಿನ ಊತ ಇಳಿದ ಮೇಲೆ ಅಭ್ಯಾಸ ಶುರುವಾಯಿತು. ಸ್ಕೂಲು ಉಳಿಯಬೇಕಾದರೆ ಬೇರೆ ದಾರಿಯಿರಲಿಲ್ಲ, ಚೆನ್ನಾಗಿ ಓಡಿಸುವವರು ಊರಲ್ಲಿ ಎದುರಿನ ಸ್ಕೂಲಿನವನನ್ನೂ ಷೋರೂಮಿನ ಹುಡುಗಿಯನ್ನೂ ಬಿಟ್ಟರೆ ಆಕೆಯೊಬ್ಬರೇ. ಬೆಳಿಗ್ಗೆ ಬೆಳಿಗ್ಗೆ ಮೈದಾನದಲ್ಲಿ ಮೇಷ್ಟ್ರು ಸ್ಟೀರಿಂಗಿನ ಮುಂದೆ, ಹೆಂಡತಿ ಪಕ್ಕದಲ್ಲಿ. ಕೂತ ತಕ್ಷಣ ಮೇಷ್ಟ್ರ ದೂರಿನ ಚೀಲ ಬಿಚ್ಚಿಕೊಂಡಿತು. ಇದೂ ಒಂದು ಕಾರೇ? ಹೊರಟಿತೋ ನಿಂತಿತೋ ಹೇಳುವುದಿಲ್ಲ. ಬದುಕಿದೆಯೋ ಸತ್ತಿದೆಯೋ ಗೊತ್ತಾಗುವುದಿಲ್ಲ. ಕಾರು ಅಂದಮೇಲೆ ಗಂಟಲಿರಬೇಕು, ಒಂದು ಗುಡುಗಿರಬೇಕು, ಇಡೀ ಕಾರು ತಡಕಿದರೂ ಸದ್ದು ಮಾಡುವ ಒಂದು ಭಾಗವಿಲ್ಲ ಎಂದು ಅವರು ಮೈದಾನದ ಆಚೆ ತುದಿಗೂ ಕೇಳುವಂತೆ ವಾದಿಸಿದರು.

ಹೆಂಡತಿ ಪೂರ್ತಿ ಕೇಳಿಸಿಕೊಂಡರು. ಬೆಲ್ಟು ಹಾಕಿಕೊಂಡರು. ಮುಂದಿನ ರಸ್ತೆ ನೋಡುತ್ತಲೇ ಹೇಳಿದರು:

"ಇದೆ ಕಣ್ರೀ, ಒಂದೇ ಒಂದು ಭಾಗ ಇದೆ. ಅದು ಬಾಯಿ ಮುಚ್ಚಿದ್ರೆ ಹೊರಡೋಣ."