ಹನ್ನೊಂದು ಅಕ್ಷರಕ್ಕೆ ಹದಿನೆಂಟು ಬಾಕ್ಸ್

ತೆಂಗಿನಗುಂಡಿ, ಸೆಪ್ಟೆಂಬರ್ 2005

ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸಿಕೊಡುವ ಮಾನ್ಯ ತಂತ್ರಾಂಶದವರೇ,

ಇಲ್ಲಿನ ಮೀನುಗಾರರ ಸಂಘದ ಕಾರ್ಯದರ್ಶಿಯಾದ ನಾನು, ನಮ್ಮ ಕಂಪ್ಯೂಟರಿನೊಳಗೆ ತಾವು ಸುಖವಾಗಿದ್ದೀರೆಂದು ಭಾವಿಸಿ, ಕೈಮುಗಿದು ಈ ಪತ್ರ ಬರೆಯುತ್ತಿದ್ದೇನೆ.

ತಮ್ಮ ಕೈಪಿಡಿಯಲ್ಲಿ ‘ಬೆಂಬಲವಿದೆ’ ಎಂಬ ಪಟ್ಟಿಯೇ ಮೂರು ಪುಟ: ಒಂದೇ ಗುಂಡಿಯಿಂದ ನೂರು ಜನರಿಗೆ ಸಂದೇಶ, ರಿಂಗ್‌ಟೋನ್ ಬದಲಾವಣೆ, ಹುಟ್ಟುಹಬ್ಬದ ನೆನಪು. ‘ಬೆಂಬಲವಿಲ್ಲ’ ಎಂಬುದು ಮಾತ್ರ ಕೊನೆಯ ಪುಟದ ಅಡಿಯಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿದೆ. ಕನ್ನಡ ಅಲ್ಲಿತ್ತು. ಅಲ್ಲಿಯವರೆಗೆ ನನ್ನ ಕನ್ನಡಕದ ಬೆಂಬಲ ಸಾಲಲಿಲ್ಲ.

ಕಳೆದ ಮಂಗಳವಾರ ಗಾಳಿಯ ಮುನ್ಸೂಚನೆ ಬಂದೊಡನೆ ‘ನಾಳೆ ಕಡಲಿಗೆ ಇಳಿಯಬೇಡಿ’ ಎಂದು ಟೈಪ್ ಮಾಡಿ ಎಲ್ಲ ದೋಣಿ ಮಾಲೀಕರಿಗೂ ಕಳಿಸಿದೆ. ಸಂದೇಶ ಯಶಸ್ವಿಯಾಗಿ ತಲುಪಿತೆಂದು ತಾವು ಇಂಗ್ಲಿಷಿನಲ್ಲಿ ಅಭಿನಂದಿಸಿದಿರಿ. ನಾನು ನಂಬಿ ಊಟಕ್ಕೆ ಹೋದೆ. ಅವರ ಫೋನುಗಳಲ್ಲಿ ಮೂಡಿದ್ದು ಖಾಲಿ ಚೌಕಗಳ ಮೂರು ಗುಂಪು: ನಾಲ್ಕು, ಆರು, ಎಂಟು. ಗುಡಿಸು, ಏತ್ವಗಳಿಗೂ ಪ್ರತ್ಯೇಕ ಚೌಕ ಕೊಟ್ಟ ತಮ್ಮಷ್ಟು ಔದಾರ್ಯವನ್ನು ನಮ್ಮ ಕನ್ನಡ ಮಾಸ್ತರರೂ ತೋರಿಸಿದವರಲ್ಲ.

ಒಬ್ಬರನ್ನು ಬಿಟ್ಟು ಉಳಿದ ಮಾಲೀಕರೆಲ್ಲ ಫೋನು ಕೆಟ್ಟಿತೆಂದು ಮರುದಿನ ಬೆಳಿಗ್ಗೆ ಕಚೇರಿಗೆ ಬಂದರು. ನಾಗಪತಿಯವರು ಬರಲಿಲ್ಲ. ಮೀನನ್ನು ಬಾಕ್ಸ್ ಲೆಕ್ಕದಲ್ಲಿ ಮಾರುವ ಅವರು ಚೌಕಗಳನ್ನು ಎಣಿಸಿ, ಸಂಘಕ್ಕೆ ಹದಿನೆಂಟು ಬಾಕ್ಸ್ ಮೀನು ಬೇಕಾಗಿದೆಯೆಂದು ತಿಳಿದು, ಅಷ್ಟಕ್ಕೂ ಐಸ್ ತುಂಬಿಕೊಂಡು, ಆರು ಜನರೊಂದಿಗೆ ನಸುಕಿನಲ್ಲೇ ದೋಣಿ ಬಿಟ್ಟಿದ್ದರು. ಕರೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಹನ್ನೊಂದಕ್ಕೆ ಗಾಳಿ ಎದ್ದಿತು. ಅವರ ಹೆಂಡತಿ ಗಣಪಿ ಕಚೇರಿಯ ಬೆಂಚಿನ ಮೇಲೆ ಕೂತು, ಕಂಪ್ಯೂಟರಿನಲ್ಲಿ ತಮ್ಮ ಪರದೆಯನ್ನೇ ನೋಡುತ್ತ, ‘ಇದು ಎಂತ ಹೇಳ್ತದೆ? ಬಂದ್ರಂತಾ?’ ಎಂದು ಮತ್ತೆ ಮತ್ತೆ ಕೇಳಿದರು. ತಾವು ‘ಯಶಸ್ವಿ’ ಎನ್ನುತ್ತಲೇ ಇದ್ದಿರಿ.

ಸಂಜೆ, ಚುಕ್ಕಾಣಿ ಮುರಿದ ಆ ದೋಣಿಯನ್ನು ಇನ್ನೊಂದು ದೋಣಿ ಹಗ್ಗ ಕಟ್ಟಿ ಎಳೆದು ತಂದಿತು. ಏಳೂ ಜನ ಇದ್ದರು. ತೊಯ್ದು ನಡುಗುತ್ತಿದ್ದ ನಾಗಪತಿಯವರು ನನ್ನನ್ನು ಕೇಳಿದ್ದು ಒಂದೇ: ‘ಹದಿನೆಂಟು ಆಗ್ಲಿಲ್ಲ ಮಾರಾಯ್ರೆ, ಎರಡೇ ಬಾಕ್ಸ್. ಸಾಕಾ?’

ಆದಕಾರಣ ವಿನಂತಿ: ಕನ್ನಡಕ್ಕೆ ಬೆಂಬಲ ಕೊಡುವುದು ತಮಗೆ ತ್ರಾಸವಾದರೆ ಬೇಡ; ಗಾಳಿಯನ್ನೂ ಅದೇ ‘ಬೆಂಬಲವಿಲ್ಲ’ ಪಟ್ಟಿಗೆ ಸೇರಿಸಿ, ಅದು ತಮ್ಮ ಕೈಪಿಡಿ ಓದಿಕೊಂಡು ಬೀಸುವಂತೆ ಏರ್ಪಾಡು ಮಾಡಬೇಕು. ಅಲ್ಲಿಯವರೆಗೆ ನಾನೇ ಸೈಕಲ್ ಹತ್ತಿ ಮನೆಮನೆಗೆ ಹೋಗಿ ಹೇಳುತ್ತೇನೆ. ಸೈಕಲ್ಲಿಗೆ ಎಲ್ಲ ಭಾಷೆಯ ಬೆಂಬಲವೂ ಇದೆ.

ಒಮ್ಮೆ ನಂಬಿ ಊಟಕ್ಕೆ ಹೋಗಿದ್ದ,
ತಮ್ಮ ವಿಶ್ವಾಸಿ,
ಮಾದೇವ ಮೊಗೇರ

ವಿ.ಸೂ.: ಈ ಪತ್ರವೂ ತಮಗೆ ಬರೀ ಚೌಕಗಳಾಗಿ ಕಂಡರೆ ಗಾಬರಿ ಬೇಡ. ಸಾವಕಾಶವಾಗಿ ಎಣಿಸಿ, ಅಷ್ಟು ಬಾಕ್ಸಿಗೆ ಐಸ್ ತುಂಬಿಸಿಕೊಂಡು ಬನ್ನಿ. ಗಾಳಿಯಿರುವ ದಿನ ನೋಡಿ ನಾಗಪತಿಯವರು ತಮ್ಮನ್ನು ಕಡಲಿಗೆ ಕಳಿಸಿಕೊಡುತ್ತಾರೆ.